ಬಿಲ್ಟ್-ಇನ್ ಓವನ್ ಕೆಟ್ಟಾಗ: ರಿಪೇರಿಯವರು ಬರುವ ಮುಂಚೆ, ಬಂದಾಗ, ಹೋದ ಮೇಲೆ

ಓವನ್ ಕೆಟ್ಟಿದೆ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಇಷ್ಟೇ: ಗಡಿಯಾರ ಮಿನುಗುತ್ತಿದೆಯಾ?

ಮೈಸೂರಿನಲ್ಲಿ ಸಂಜೆ ಗಾಳಿ-ಮಳೆ ಬಂದರೆ ಕರೆಂಟು ಹೋಗುವುದು ಹೊಸದೇನಲ್ಲ. ವಾಪಸ್ ಬಂದಾಗ ಓವನ್ನಿನ ಗಡಿಯಾರ ಸೊನ್ನೆಗೆ ಬಂದಿರುತ್ತದೆ. ಬಹಳಷ್ಟು ಮಾಡೆಲ್‌ಗಳು ಟೈಮ್ ಸೆಟ್ ಮಾಡುವ ತನಕ ಬಿಸಿಯಾಗುವುದೇ ಇಲ್ಲ. ಲೈಟ್ ಉರಿಯುತ್ತದೆ, ಗುಂಡಿ ತಿರುಗುತ್ತದೆ, ಕೇಕ್ ಮಾತ್ರ ಹಸಿಹಿಟ್ಟಾಗಿಯೇ ಕೂತಿರುತ್ತದೆ. ಟೈಮ್ ಸೆಟ್ ಮಾಡಿದರೆ ಮುಗಿಯಿತು. ಇಷ್ಟಕ್ಕೆ ಯಾರಿಗೂ ವಿಸಿಟಿಂಗ್ ಚಾರ್ಜ್ ಕೊಡಬೇಕಾಗಿಲ್ಲ.

ಮೈಸೂರಿನ ಮನೆಗಳಲ್ಲಿ ಇಂಥ ಓವನ್ ರಿಪೇರಿ ಮಾಡುವುದು ನನ್ನ ಕೆಲಸ. ಮೇಜಿನ ಮೇಲಿಡುವ ಓಟಿಜಿ ಆದರೆ ಬ್ಯಾಗಿಗೆ ಹಾಕಿಕೊಂಡು ಅಂಗಡಿಗೆ ಹೋಗಬಹುದು. ಕಪಾಟಿನೊಳಗೆ ಕೂರಿಸಿದ ಓವನ್ನಿಗೆ ಆ ಸುಖ ಇಲ್ಲ. ಅದು 30-40 ಕಿಲೋ ತೂಗುತ್ತದೆ, ಬೆಲೆಯೂ ಜಾಸ್ತಿ, ಪಾರ್ಟು ಬೆಂಗಳೂರಿನಿಂದಲೋ ಅದಕ್ಕೂ ದೂರದಿಂದಲೋ ಬರಬೇಕು. ಅದಕ್ಕೇ ತಪ್ಪು ಪಾರ್ಟ್ ಹಾಕಿಸಿಕೊಂಡರೆ ನಷ್ಟವೂ ದೊಡ್ಡದು. ಓವನ್ ಬಿಚ್ಚುವುದನ್ನು ಇಲ್ಲಿ ಹೇಳಿಕೊಡುತ್ತಿಲ್ಲ. ಬಿಚ್ಚುವವರಿಂದ ಸರಿಯಾಗಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಹೇಳುತ್ತೇನೆ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ: ಮೀಟರ್ ಇಟ್ಟು ಅಳೆಯದೆ ಯಾವ ಪಾರ್ಟನ್ನೂ ಬದಲಾಯಿಸಲು ಬಿಡಬೇಡಿ.

ಫೋನ್ ಮಾಡುವ ಮುಂಚೆ ನೀವೇ ನೋಡಬಹುದಾದದ್ದು

ಗಡಿಯಾರ ನೋಡಿದಿರಿ. ಆಮೇಲೆ ಡಿಸ್‌ಪ್ಲೇನಲ್ಲಿ ಬೀಗದ ಕೀ ಚಿತ್ರ ಇದೆಯಾ ನೋಡಿ. ಇದ್ದರೆ ಅದು ಚೈಲ್ಡ್ ಲಾಕ್. ಆ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಇನ್ನೊಂದು ಡೆಮೊ ಮೋಡ್. ಶೋರೂಮಿನಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿರುವ ವ್ಯವಸ್ಥೆ ಇದು. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬೆಳಗುತ್ತದೆ, ಬಿಸಿ ಮಾತ್ರ ಇರುವುದಿಲ್ಲ. ಡಿಸ್‌ಪ್ಲೇ ಪೀಸ್ ತಂದ ಹೊಸ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಇದನ್ನು ತೆಗೆಯುವ ವಿಧಾನ ಮ್ಯಾನ್ಯುಯಲ್‌ನ ಸೆಟ್ಟಿಂಗ್ಸ್ ಪುಟದಲ್ಲಿರುತ್ತದೆ.

ಇವು ಯಾವುದೂ ಅಲ್ಲ ಅಂದರೆ ಮೋಡ್ ಪರೀಕ್ಷೆ ಮಾಡಿ. ಒಳಗಿನ ತಟ್ಟೆಗಳನ್ನೆಲ್ಲ ತೆಗೆದು, ಗ್ರಿಲ್ ಮಾತ್ರ ಐದು ನಿಮಿಷ ಹಾಕಿ. ಆಮೇಲೆ ಕೆಳಗಿನ ಹೀಟ್ ಮಾತ್ರ. ಆಮೇಲೆ ಫ್ಯಾನ್ ಜೊತೆಗಿನ ಹೀಟ್. ಪ್ರತಿ ಸಲವೂ ಬಾಗಿಲು ತೆಗೆದು ದೂರದಿಂದಲೇ ಬಿಸಿ ಗಮನಿಸಿ, ಮುಟ್ಟಬೇಡಿ. ಗ್ರಿಲ್ ಕೆಂಪಗಾಗಿ ಫ್ಯಾನ್ ಮೋಡ್ ಮಾತ್ರ ತಣ್ಣಗಿದ್ದರೆ ಫ್ಯಾನಿನ ಸುತ್ತಲಿರುವ ರಿಂಗ್ ಎಲಿಮೆಂಟ್ (ಬಿಸಿ ಮಾಡುವ ಕೊಳವೆ) ಮೇಲೆ ಅನುಮಾನ. ಮೂರೂ ತಣ್ಣಗಿದ್ದರೆ ಮೂರು ಎಲಿಮೆಂಟೂ ಒಟ್ಟಿಗೆ ಹೋಗಿರುವುದು ಬಹಳ ಅಪರೂಪ. ಆಗ ಕಟೌಟ್ (ಮಿತಿಮೀರಿ ಕಾದರೆ ಲೈನ್ ಕಡಿಯುವ ಪಾರ್ಟು), ಬಿಸಿ ಅಳೆಯುವ ಸೆನ್ಸರ್ ಅಥವಾ ಓವನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಕಡೆ ನೋಡಬೇಕು. ಫೋನಿನಲ್ಲಿ ಇಷ್ಟು ಹೇಳಿದರೆ ಬರುವವರ ಅರ್ಧ ಕೆಲಸ ಮುಗಿದಂತೆ.

ಮೇನ್ ಬೋರ್ಡಿನಲ್ಲಿ ತಾನೇ ಆಫ್ ಆಗುವ ಸ್ವಿಚ್ ಬೀಳುತ್ತಿದ್ದರೆ ಯಾವುದು ಬೀಳುತ್ತಿದೆ ಎಂದು ನೋಡಿಕೊಳ್ಳಿ. ಸಣ್ಣ ಎಂಸಿಬಿ ಬಿದ್ದರೆ ಕರೆಂಟು ಜಾಸ್ತಿ ಎಳೆಯುತ್ತಿದೆ ಅಥವಾ ಶಾರ್ಟ್ ಆಗಿದೆ ಎಂದರ್ಥ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಸ್ವಿಚ್ ಹಾಕಿದ ತಕ್ಷಣ ಬಿತ್ತಾ, ಯಾವುದೋ ಒಂದು ಮೋಡಿಗೆ ಮಾತ್ರ ಬಿತ್ತಾ, ಹತ್ತು ನಿಮಿಷ ಬಿಸಿಯಾದ ಮೇಲೆ ಬಿತ್ತಾ? ಬರೆದಿಟ್ಟುಕೊಳ್ಳಿ. ಒಂದು ಸಲ ಎತ್ತಿ ನೋಡಿ, ಮತ್ತೆ ಬಿದ್ದರೆ ಬಿಟ್ಟುಬಿಡಿ. ಮತ್ತೆ ಮತ್ತೆ ಎತ್ತುವುದು ಬೇಡ. ಸುಟ್ಟ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಸುಮ್ನೆ ಎಂಸಿಬಿ ಇಳಿಸಿ ಫೋನ್ ಮಾಡಿ.

ಕೊನೆಗೆ ಮಾಡೆಲ್ ಪಟ್ಟಿಯ ಫೋಟೊ. ಬಾಗಿಲು ತೆಗೆದರೆ ಚೌಕಟ್ಟಿನ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದ ಪಟ್ಟಿ ಕಾಣುತ್ತದೆ. ಬಾಷ್, ಸೀಮೆನ್ಸ್ ಓವನ್‌ಗಳಲ್ಲಿ ಇ-ಎನ್‌ಆರ್ ಮತ್ತು ಎಫ್‌ಡಿ ಎಂಬ ಎರಡು ನಂಬರ್ ಇರುತ್ತವೆ. ಇ-ಎನ್‌ಆರ್ ಪೂರ್ತಿ ಬೇಕು, ಗೀಟಿನ ಆಚೆಗಿನ ಅಂಕಿಯೂ ಸೇರಿ, ಯಾಕೆಂದರೆ ಒಂದೇ ಮಾಡೆಲ್‌ನೊಳಗೇ ಪಾರ್ಟು ಬೇರೆಯಾಗಿರುತ್ತದೆ. ಎಫ್‌ಡಿ ತಯಾರಾದ ತಿಂಗಳು. ಮೊದಲೆರಡು ಅಂಕಿಗೆ 20 ಕೂಡಿಸಿದರೆ ವರ್ಷ, ಮುಂದಿನ ಎರಡು ಅಂಕಿ ತಿಂಗಳು. 9508 ಎಂದಿದ್ದರೆ 95ಕ್ಕೆ 20 ಸೇರಿಸಿ 115, ಅಂದರೆ 2015ರ ಆಗಸ್ಟ್. ಸೆಕೆಂಡ್ ಹ್ಯಾಂಡ್ ಓವನ್ ಕೊಳ್ಳುವವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಡಿಸ್‌ಪ್ಲೇನಲ್ಲಿ ಎರರ್ ಕೋಡ್ ಬಂದರೆ ಅದರ ಫೋಟೊ, ಗರಗರ ಸದ್ದು ಬಂದರೆ ಒಂದು ವಿಡಿಯೊ. ರಿಪೇರಿಯವರು ಬಂದಾಗ ಓವನ್ ಸದ್ದೇ ಮಾಡುವುದಿಲ್ಲ, ಅದು ಯಾವಾಗಲೂ ಹಾಗೇ.

ಓವನ್ನಿಗಿಂತ ಮುಂಚೆ ಗೋಡೆಯ ಕರೆಂಟು

3500 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು 15 ಆಂಪ್ ಎಳೆಯುತ್ತದೆ. 16 ಆಂಪ್ ಸಾಕೆಟ್ಟಿಗೆ ಅದು ಹೆಚ್ಚುಕಡಿಮೆ ಪೂರ್ತಿ ಭಾರ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೊತ್ತು ಎಳೆದು ನಿಲ್ಲುತ್ತವೆ. ಓವನ್ ಗಂಟೆಗಟ್ಟಲೆ ಎಳೆಯುತ್ತದೆ. ಸಾಕೆಟ್ಟಿನ ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೂ ಅಲ್ಲಿ ಬಿಸಿಯೇರಿ ಪ್ಲಗ್ ಟಾಪಿನ ಪ್ಲಾಸ್ಟಿಕ್ ಕಂದಿ, ಕರಗಿ, ಪಿನ್ನು ಕಪ್ಪಾಗುತ್ತದೆ. ಓವನ್ "ಒಮ್ಮೊಮ್ಮೆ ಆಫ್ ಆಗುತ್ತೆ" ಎನ್ನುವ ದೂರುಗಳಲ್ಲಿ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಹಳೇ ಮನೆಗಳಲ್ಲಿ ಅಡುಗೆಮನೆ ಮಾತ್ರ ಮಾಡ್ಯುಲರ್ ಆಗಿರುತ್ತದೆ, ಗೋಡೆಯೊಳಗಿನ ವೈರು ಅಜ್ಜನ ಕಾಲದ್ದೇ. ಓವನ್ನಿಗೆ ಡಿಬಿಯಿಂದ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದ, ಪ್ರತ್ಯೇಕ ಲೈನ್ ಇರಬೇಕು. ಅದೇ ಲೈನಿನಲ್ಲಿ ಡಿಶ್‌ವಾಶರೋ ಗೀಸರೋ ಸೇರಿರಬಾರದು. ತಾಮ್ರದ 4 ಸ್ಕ್ವೇರ್ ಎಂಎಂ ವೈರು ಹಾಕಿಸಿ ಎನ್ನುವುದು ನನ್ನ ಸಲಹೆ. 2.5ರಲ್ಲೂ ನಡೆಯುತ್ತದೆ, ಆದರೆ ಉದ್ದದ ಲೈನಿಗೆ, ಹೊಸದಾಗಿ ಎಳೆಯುವವರಿಗೆ 4 ವಾಸಿ. ಹಾಗೇ ಓವನ್ನಿನ ಲೈನ್ ಮನೆಯ ಯುಪಿಎಸ್ ಕಡೆಗೆ ಹೋಗಬಾರದು. ಫೇಸ್ ಹೋಗದಿದ್ದರೂ ಎಷ್ಟೋ ಮನೆಗಳಲ್ಲಿ ನ್ಯೂಟ್ರಲ್ ಬೆರೆತಿರುತ್ತದೆ. ಓವನ್ನಿನ ನ್ಯೂಟ್ರಲ್ ಯುಪಿಎಸ್ ಲೈಟಿನ ನ್ಯೂಟ್ರಲ್ಲಿಗೆ ಸೇರಿಕೊಂಡಿದ್ದರೆ ಆರ್‌ಸಿಸಿಬಿ ಸುಮ್ಮಸುಮ್ನೆ ಬೀಳುತ್ತದೆ, ಬೈಗುಳ ಮಾತ್ರ ಓವನ್ನಿಗೆ.

ಮೂರು ಫೇಸ್ ಇರುವ ಮನೆಯವರು ಒಂದು ವಿಷಯ ತಿಳಿದಿರಬೇಕು. ಒಂದು ರೂಮಿನ ಲೈಟ್ ಕಣ್ಣು ಕುಕ್ಕುವಷ್ಟು ಬೆಳಗಿ ಇನ್ನೊಂದು ರೂಮಿನದು ಮಂಕಾದರೆ ನ್ಯೂಟ್ರಲ್ ಕಿತ್ತುಹೋಗಿದೆ. ಆಗ 230 ಬರಬೇಕಾದ ಕಡೆ 300, 350 ವೋಲ್ಟೂ ಬರಬಹುದು. ತಕ್ಷಣ ಮೇನ್ ಆಫ್ ಮಾಡಿ ಇಲ್ಲಿನ ಕರೆಂಟು ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ. ಆ ದಿನ ಟಿವಿ, ಫ್ರಿಜ್ಜು, ಓವನ್ ಮೂರರ ಬೋರ್ಡೂ ಒಟ್ಟಿಗೆ ಹೋಗಿದ್ದರೆ ಕಾರಣ ಹುಡುಕಬೇಕಾಗಿಲ್ಲ. ಬೋರ್ಡಿನ ಬಾಯಲ್ಲೇ ನಾಣ್ಯದಂಥ ನೀಲಿ ಅಥವಾ ಹಳದಿ ಬಿಲ್ಲೆ ಒಡೆದು ಕರಿ ಮೆತ್ತಿರುತ್ತದೆ. ಅದು ಹೆಚ್ಚಿನ ವೋಲ್ಟೇಜನ್ನು ತಾನು ನುಂಗಿ ಉಳಿದದ್ದನ್ನು ಕಾಯುವ ಪಾರ್ಟು. ಎಷ್ಟೋ ಸಲ ಅದನ್ನೂ ಫ್ಯೂಸನ್ನೂ ಬದಲಿಸಿದರೆ ಬೋರ್ಡ್ ಬದುಕುತ್ತದೆ.

ಅರ್ಥಿಂಗ್ ಪರೀಕ್ಷೆ ಎರಡು ನಿಮಿಷದ ಕೆಲಸ. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ ಸುಮಾರು 230 ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟಿಗಿಂತ ಜಾಸ್ತಿ ಇರಬಾರದು. ಓವನ್ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ ಅಂದರೆ ಇದನ್ನು ನೋಡದೆ ಮುಂದಕ್ಕೆ ಹೋಗಬೇಡಿ.

ಯಾರನ್ನು ಕರೆಯಬೇಕು

ವಾರಂಟಿ ಇದ್ದರೆ ಕಂಪನಿಯವರನ್ನೇ. ಬೇರೆಯವರು ಒಂದು ಸ್ಕ್ರೂ ತೆಗೆದರೂ ಆಮೇಲೆ ವಾದ ಶುರುವಾಗುತ್ತದೆ. ನಂಬರನ್ನು ವಾರಂಟಿ ಕಾರ್ಡಿನಿಂದ ಅಥವಾ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ತೆಗೆದುಕೊಳ್ಳಿ. ನೆಟ್‌ನಲ್ಲಿ ಹುಡುಕಿದಾಗ ಮೊದಲು ಕಾಣುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ನಕಲಿಯವು ಬೇಕಾದಷ್ಟಿವೆ. ದೂರು ದಾಖಲಿಸಲು ಹತ್ತು ರೂಪಾಯಿ ಲಿಂಕಿನಲ್ಲಿ ಕಟ್ಟಿ ಎಂದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ವಾರಂಟಿ ಮುಗಿದಿದ್ದರೆ ಊರಿನ ಮೆಕ್ಯಾನಿಕ್ ಸಾಕು, ಆದರೆ ಎಲ್ಲರೂ ಅಲ್ಲ. ವಾಷಿಂಗ್ ಮೆಷಿನ್ನಿನಲ್ಲಿ ಪಳಗಿದವರು ಓವನ್ನಿನಲ್ಲೂ ಪಳಗಿರಬೇಕೆಂದೇನಿಲ್ಲ. ಫೋನಿನಲ್ಲೇ ಕೇಳಿ: "ಅಣ್ಣ, ಬಿಲ್ಟ್-ಇನ್ ಓವನ್ ಕಪಾಟಿನಿಂದ ಇಳಿಸಿದ್ದೀರಾ? ಮೆಗ್ಗರ್ ತರ್ತೀರಾ? ವಿಸಿಟಿಂಗ್ ಚಾರ್ಜ್ ಬಿಲ್ಲಿನಲ್ಲಿ ಕಳೀತೀರಾ?" ಮೆಗ್ಗರ್ ಅಂದರೆ ಕರೆಂಟು ಸೋರಿಕೆ ಹಿಡಿಯುವ ಮೀಟರ್. ಎರಡನೇ ಪ್ರಶ್ನೆಗೆ "ಅದ್ಯಾಕೆ ಸಾರ್, ಟೆಸ್ಟರ್ ಇದೆಯಲ್ಲ" ಎಂದು ಉತ್ತರ ಬಂದರೆ ಬೇರೆಯವರನ್ನು ನೋಡುವುದು ಒಳ್ಳೆಯದು.

ಕೆಲವು ದುಬಾರಿ ಬ್ರ್ಯಾಂಡುಗಳಿಗೆ ತಿಳಿದವರು ಬೆಂಗಳೂರಿನಿಂದಲೇ ಬರಬೇಕಾಗುತ್ತದೆ. ಬಂದು ನೋಡಿ, ವಾಪಸ್ ಹೋಗಿ, ಪಾರ್ಟ್ ತರಿಸಿ, ಮತ್ತೆ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಮೇಲೆ ಹೇಳಿದ ಫೋಟೊ, ಮೋಡ್ ಪರೀಕ್ಷೆಯ ವಿವರ ಮೊದಲೇ ಕಳಿಸಿದರೆ ಅವರು ಪಾರ್ಟ್ ಜೊತೆಗೇ ಬರುವ ಸಾಧ್ಯತೆ ಹೆಚ್ಚು.

ಮೈಕ್ರೋವೇವ್ ಸೇರಿರುವ ಕಾಂಬಿ ಓವನ್ ಆದರೆ ಒಂದು ಎಚ್ಚರಿಕೆ. ಅದರೊಳಗಿನ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮನೆಯ ಎಲೆಕ್ಟ್ರಿಷಿಯನ್ ಎಷ್ಟೇ ಒಳ್ಳೆಯವರಾಗಿದ್ದರೂ ಅದರ ಮುಚ್ಚಳ ತೆಗೆಸಬೇಡಿ.

ಕಪಾಟಿನಿಂದ ಇಳಿಸುವ ದಿನ

ಅರ್ಧ ತೊಂದರೆ ಕಾಣುವುದೇ ಇಲ್ಲಿ. ಓವನ್ನಿನ ಬಾಗಿಲು ತೆಗೆದರೆ ಪಕ್ಕದ ಚೌಕಟ್ಟಿನಲ್ಲಿ ಎರಡೋ ನಾಲ್ಕೋ ಸ್ಕ್ರೂ ಇರುತ್ತವೆ. ಅವನ್ನು ತೆಗೆದರೆ ಓವನ್ ಮುಂದಕ್ಕೆ ಜಾರಿ ಬರಬೇಕು. ನಮ್ಮೂರಲ್ಲಿ ಬರುವುದಿಲ್ಲ. ಯಾಕೆಂದರೆ ಕಪಾಟು ಮಾಡಿದವರು ಅಂದಕ್ಕೆಂದು ಸುತ್ತ ಬೀಡಿಂಗ್ ಅಂಟಿಸಿ ಮೇಲೆ ಸಿಲಿಕಾನ್ ಬಳಿದಿರುತ್ತಾರೆ. ಆಗ ಬೀಡಿಂಗ್ ಕಿತ್ತರೆ ಲ್ಯಾಮಿನೇಟ್ ಏಳುತ್ತದೆ, ಮನೆಯವರಿಗೆ ಬೇಜಾರು. ಹೊಸ ಕಿಚನ್ ಮಾಡಿಸುತ್ತಿದ್ದರೆ ಈಗಲೇ ಹೇಳಿಬಿಡಿ: "ಆಚಾರ್ರೇ, ಓವನ್ ಸುತ್ತ ಏನೂ ಅಂಟಿಸಬೇಡಿ."

ಬಾಗಿಲನ್ನು ಮೊದಲು ಬಿಚ್ಚಿಸಿ. ಎಷ್ಟೋ ಕಿಲೋ ಅಲ್ಲೇ ಇಳಿಯುತ್ತದೆ. ಎರಡೂ ಹಿಂಜಿನಲ್ಲಿ ಸಣ್ಣ ಲಾಕ್ ಇರುತ್ತದೆ, ಅದನ್ನು ಎತ್ತಿದ ಮೇಲೇ ಬಾಗಿಲು ಬರಬೇಕು. ಲಾಕ್ ಎತ್ತದೆ ಎಳೆದರೆ ಹಿಂಜಿನ ಸ್ಪ್ರಿಂಗ್ ಪಟ್ ಎಂದು ಮಡಚಿ ಬೆರಳು ಜಜ್ಜುತ್ತದೆ. ಗಾಜಿನ ಬಾಗಿಲನ್ನು ಗ್ರಾನೈಟ್ ಮೇಲೆ ಅಂಚು ತಾಗುವಂತೆ ನಿಲ್ಲಿಸಬಾರದು. ಟಫನ್ಡ್ ಗಾಜಿಗೆ ಮಧ್ಯದಲ್ಲಿ ಬಿದ್ದ ಪೆಟ್ಟಿಗಿಂತ ಅಂಚಿಗೆ ಬಿದ್ದ ಪೆಟ್ಟು ಕೆಟ್ಟದ್ದು. ಹಳೇ ಕಂಬಳಿಯೋ ಜಮಖಾನವೋ ಹಾಸಿ ಮಲಗಿಸಿ. ಇನ್ನೊಂದು ಕಂಬಳಿ ಓವನ್ ಇಳಿಸುವ ಜಾಗಕ್ಕೆ. ಇಳಿಸಲು ಇಬ್ಬರು ಬೇಕೇ ಬೇಕು. ಒಬ್ಬರೇ ಬಂದು "ನೀವು ಸ್ವಲ್ಪ ಹಿಡ್ಕೊಳಿ ಸಾರ್" ಎಂದರೆ, ನಿಮ್ಮ ಬೆನ್ನಿನ ಬಗ್ಗೆ ನೀವೇ ಯೋಚಿಸಿ.

ಓವನ್ ಹೊರಗೆ ಬಂದ ಮೇಲೆ ಟಾರ್ಚ್ ಹಾಕಿ ಆ ಗೂಡಿನೊಳಗೆ ನೀವೂ ನೋಡಿ. ಕುವೆಂಪುನಗರದ ಒಂದು ಮನೆಯಲ್ಲಿ ಕಂಡದ್ದು ಹೀಗಿತ್ತು. ಹಿಂದಿನ ಮೂಲೆಯಲ್ಲಿ ತೆಂಗಿನ ನಾರು, ಚೂರು ಪ್ಲಾಸ್ಟಿಕ್ಕು, ಇಲಿ ಹಿಕ್ಕೆ. ಕೇಬಲ್ಲಿನ ಮೇಲಿನ ಹೊದಿಕೆಯನ್ನು ಒಂದು ಗೇಣುದ್ದ ಕಡಿದು, ಒಳಗಿನ ಒಂದು ವೈರಿನ ತಾಮ್ರ ಹೊಳೆಯುತ್ತಿತ್ತು. ಓವನ್ನಿನ ಮೇಲಿನ ತಗಡು ತೆಗೆದರೆ ಬೋರ್ಡಿನ ಮೇಲೆ ಹಲ್ಲಿಯೊಂದು ಒಣಗಿ ಅಂಟಿಕೊಂಡಿತ್ತು, ಮುಂಗಾಲು ಒಂದು ಸೋಲ್ಡರಿನ ಮೇಲೆ, ಹಿಂಗಾಲು ಇನ್ನೊಂದರ ಮೇಲೆ. ನಡುವೆ ಕಪ್ಪು ಗೆರೆ. ಮನೆಯವರು ವೋಲ್ಟೇಜ್ ಜಾಸ್ತಿ ಬಂದು ಬೋರ್ಡ್ ಹೋಯಿತು ಅಂದುಕೊಂಡಿದ್ದರು, ಸ್ಟೆಬಿಲೈಸರ್ ತರುವ ಯೋಚನೆಯೂ ಇತ್ತು. ಅಲ್ಲಿ ಬೇಕಾಗಿದ್ದದ್ದು ಪೈಪ್ ಬರುವ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ.

ಆದರೆ ಜಾಲರಿ ಹಾಕುವ ಭರದಲ್ಲಿ ಗಾಳಿ ಮುಚ್ಚಬೇಡಿ. ಸಾಮಾನ್ಯ 60 ಸೆಂ.ಮೀ. ಓವನ್ನಿಗೆ ಗೂಡು ಸುಮಾರು 560 ಮಿ.ಮೀ. ಅಗಲ, ಕನಿಷ್ಠ 550 ಮಿ.ಮೀ. ಆಳ ಇರಬೇಕು. ಹಿಂದಿನ ಪ್ಲೈವುಡ್ ಕತ್ತರಿಸಿ ಬಿಟ್ಟಿರಬೇಕು. ನಿಮ್ಮ ಮಾಡೆಲ್ಲಿನ ಫಿಟ್ಟಿಂಗ್ ಚಿತ್ರದಲ್ಲಿ ಎಲ್ಲಿ ಎಷ್ಟು ಜಾಗ ಬಿಡಬೇಕೆಂದು ಬರೆದಿರುತ್ತದೆ. ಗೂಡಿನ ಹಿಂಭಾಗ ಪೂರ್ತಿ ಮುಚ್ಚಿದ್ದು, ಪ್ಲೈವುಡ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಉತ್ತರ ಸಿಕ್ಕಿದ ಹಾಗೆ. ಆ ಓವನ್ನಿಗೆ ಎಷ್ಟು ಸಲ ಕಟೌಟ್ ಬದಲಿಸಿದರೂ ಮತ್ತೆ ಹೋಗುತ್ತದೆ.

ರೀಡಿಂಗ್ ಎಷ್ಟು ಬಂತು?

ಇದೊಂದು ಪ್ರಶ್ನೆ ಕೇಳಲು ನಾಚಿಕೆ ಬೇಡ. ಒಳ್ಳೆಯ ಮೆಕ್ಯಾನಿಕ್ಕಿಗೆ ಈ ಪ್ರಶ್ನೆ ಕೇಳಿದರೆ ಖುಷಿಯಾಗುತ್ತದೆ. ಅಳೆಯದೇ ಹೇಳಿದವರು ತಡಬಡಿಸುತ್ತಾರೆ.

ಎಲಿಮೆಂಟ್ ಹೋಗಿದೆ ಎಂದರೆ ಲೆಕ್ಕ ಸುಲಭ. 230ನ್ನು 230ರಿಂದ ಗುಣಿಸಿ, ಎಲಿಮೆಂಟಿನ ವ್ಯಾಟಿನಿಂದ ಭಾಗಿಸಿ. 52,900 ಭಾಗಿಸು 2000 ವ್ಯಾಟ್ ಅಂದರೆ ಸುಮಾರು 26 ಓಮ್. 1000 ವ್ಯಾಟಿನ ಎಲಿಮೆಂಟಿಗೆ ಸುಮಾರು 53 ಓಮ್. ವೈರು ಬಿಚ್ಚಿಟ್ಟು ಅಳೆದಾಗ ಇದಕ್ಕೆ ಹತ್ತಿರ ಬಂದರೆ ಎಲಿಮೆಂಟಿನ ತಂತಿ ತುಂಡಾಗಿಲ್ಲ. ಮೀಟರ್ ಏನೂ ತೋರಿಸದೆ ಓಪನ್ ಎಂದರೆ ಹೋಗಿದೆ. ನಡುವಿನ ವಾದವೇ ಇಲ್ಲ.

ಓಮ್ ಸರಿ ಇದ್ದೂ ಆರ್‌ಸಿಸಿಬಿ ಬೀಳುತ್ತದೆ, ಅದಕ್ಕೇ ಮೆಗ್ಗರ್ ಬೇಕಾಗುವುದು. ಎಲಿಮೆಂಟಿನ ಲೋಹದ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಿಡಿದಿರುತ್ತಾರೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೋ ಹಾಗೆ ಅದೂ ಪಸೆ ಹೀರುತ್ತದೆ. ತಿಂಗಳುಗಟ್ಟಲೆ ಓವನ್ ಹಾಕದೆ ಇದ್ದು, ಕ್ರಿಸ್‌ಮಸ್ಸಿಗೆ ಕೇಕ್ ಮಾಡೋಣ ಎಂದು ಸ್ವಿಚ್ ಹಾಕಿದಾಗ ಮನೆಯೆಲ್ಲ ಕತ್ತಲು. ಮಾಮೂಲಿ ಮಲ್ಟಿಮೀಟರ್ ಈ ಸೋರಿಕೆಯನ್ನು ಹಿಡಿಯುವುದೇ ಕಷ್ಟ. ಮೆಗ್ಗರಿನಲ್ಲಿ 500 ವೋಲ್ಟ್ ಕೊಟ್ಟು ಎಲಿಮೆಂಟಿನ ಕಾಲು (ವೈರು ಸೇರುವ ತುದಿ) ಮತ್ತು ಮೈ ನಡುವೆ ಅಳೆಯುತ್ತಾರೆ. ಒಂದು ಮೆಗಾ ಓಮಿಗಿಂತ ಕೆಳಗೆ ಬಂದರೆ ಅನುಮಾನಿಸಬೇಕು. ಹಾಗೆಂದು ತಕ್ಷಣ ಹೊಸದು ಹಾಕಬೇಕಾಗಿಲ್ಲ. ಟ್ರಿಪ್ ಆಗದ ಬೇರೆ ಮೋಡಿನಲ್ಲಿ 100 ಡಿಗ್ರಿಗೆ ಅರ್ಧ ಗಂಟೆ ಓಡಿಸಿದರೆ ಪಸೆ ಆರಿ ಸರಿಹೋಗುವುದುಂಟು. ಆರಿದ ಮೇಲೂ ಬಿದ್ದರೆ ಬದಲಿಸಿ. ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರವಾಗಿ ಲೈನ್ ಕೊಡುತ್ತೇನೆ ಎಂದು ಯಾರಾದರೂ ಅಂದರೆ ಅವರನ್ನು ಬಾಗಿಲ ತನಕ ಕಳಿಸಿಬನ್ನಿ.

ಸೆನ್ಸರ್. ಟಚ್ ಡಿಸ್‌ಪ್ಲೇ ಇರುವ ಬಹಳಷ್ಟು ಓವನ್‌ಗಳಲ್ಲಿ ಪಿಟಿ 1000 ಅಥವಾ ಪಿಟಿ 500 ಜಾತಿಯ ಸೆನ್ಸರ್ ಇರುತ್ತದೆ. ರೂಮಿನ ಬಿಸಿಯಲ್ಲಿ, ಅಂದರೆ 25 ಡಿಗ್ರಿಯಲ್ಲಿ, ಪಿಟಿ 1000 ಸುಮಾರು 1097 ಓಮ್ ತೋರಿಸಬೇಕು, ಪಿಟಿ 500 ಸುಮಾರು 549. ಬಿಸಿಯಾದಂತೆ ಏರಬೇಕು. ಒಳಗೆ ಬೇಯುವುದು ಕಮ್ಮಿಯಾಗಿದೆ, ಮೇಲೆ ಸೀದುಹೋಗುತ್ತದೆ ಎನ್ನುವ ದೂರಿಗೆ ಬೋರ್ಡ್ ಬದಲಿಸುವ ಮುಂಚೆ ಈ ಅಳತೆ ಆಗಲೇಬೇಕು. ಸೆನ್ಸರ್ ಬೋರ್ಡಿಗಿಂತ ಬಹಳ ಅಗ್ಗ. ಗುಂಡಿ ತಿರುಗಿಸುವ ಹಳೇ ಮಾದರಿಯಲ್ಲಿ ಇದರ ಬದಲು ಕ್ಯಾಪಿಲರಿ ಥರ್ಮೋಸ್ಟ್ಯಾಟ್ ಇರುತ್ತದೆ. ಅದನ್ನು ಓವನ್ ಥರ್ಮಾಮೀಟರ್ ಇಟ್ಟೇ ನೋಡಬೇಕು.

ಥರ್ಮಲ್ ಕಟೌಟ್ ಎನ್ನುವುದು ಓವನ್ ಮಿತಿಮೀರಿ ಕಾದರೆ ಲೈನ್ ಕಡಿಯುವ ಸಣ್ಣ ಬಿಲ್ಲೆ. ಬೆಲೆಯೇನೂ ದೊಡ್ಡದಲ್ಲ. "ಕಟೌಟ್ ಹೋಗಿತ್ತು ಮೇಡಂ, ಹಾಕಿದ್ದೀನಿ" ಎಂದು ಬಿಲ್ ಕೊಟ್ಟರೆ ಕೆಲಸ ಅರ್ಧವೇ ಆಗಿರುವುದು. ಅದು ಯಾಕೆ ಹೋಯಿತು? ಸಾಮಾನ್ಯವಾಗಿ ಮೇಲಿನ ಕೂಲಿಂಗ್ ಫ್ಯಾನ್ ನಿಂತಿರುತ್ತದೆ, ಇಲ್ಲ ಗೂಡಿಗೆ ಗಾಳಿ ಇರುವುದಿಲ್ಲ. ಓವನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಸುಯ್ ಎನ್ನುತ್ತದಲ್ಲ, ಅದೇ ಕೂಲಿಂಗ್ ಫ್ಯಾನ್. ಆ ಸದ್ದು ಇತ್ತೀಚೆಗೆ ನಿಂತಿದೆಯಾ ನೆನಪು ಮಾಡಿಕೊಳ್ಳಿ. ನಿಂತಿದ್ದರೆ ಇವತ್ತು ಕಟೌಟ್ ಹೋಗಿದೆ, ನಾಳೆ ಬೋರ್ಡ್. ಕಟೌಟನ್ನು ವೈರಿನಿಂದ ಶಾರ್ಟ್ ಮಾಡಿ ಹೋಗುವವರೂ ಇದ್ದಾರೆ. ಅಂಥ ಓವನ್ ಒಂದು ದಿನ ಕಪಾಟನ್ನೇ ಸುಡಬಹುದು.

ಒಳಗಿನ ಫ್ಯಾನ್ ಗರಗರ ಎಂದರೆ ಸಾಮಾನ್ಯವಾಗಿ ಮೋಟರಿನ ಬುಶ್ ಸವೆದಿರುತ್ತದೆ, ಮೋಟರ್ ಬದಲಿಸುವುದು ಸರಿ. ಒಂದು ಚಿಕ್ಕ ವಿಷಯ: ಎಷ್ಟೋ ಓವನ್‌ಗಳಲ್ಲಿ ಆ ಫ್ಯಾನಿನ ನಟ್ ಉಲ್ಟಾ ತ್ರೆಡ್. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಅದನ್ನು ಎಡಕ್ಕೆ ಮುರಿಯುವಂತೆ ತಿರುಗಿಸುತ್ತಿರುವವರನ್ನು ಕಂಡರೆ ಓವನ್ನಿಗೆ ಅವರು ಹೊಸಬರೆಂದು ಗೊತ್ತಾಗುತ್ತದೆ.

ಇನ್ನು ಬೋರ್ಡ್. ಜಾಸ್ತಿ ದುಡ್ಡು ಹೋಗುವುದು ಇಲ್ಲೇ, ಊಹೆ ನಡೆಯುವುದೂ ಇಲ್ಲೇ. ಸ್ವಿಚ್ ಹಾಕಿದಾಗ ಬೋರ್ಡಿನ ಮೇಲೆ ಎಲಿಮೆಂಟಿಗೆ ಕರೆಂಟು ಬಿಡುವ ಸಣ್ಣ ಸ್ವಿಚ್, ಅಂದರೆ ರಿಲೇ, ಟಕ್ ಎನ್ನುತ್ತದೆ, ಆದರೂ ಬಿಸಿಯಿಲ್ಲ ಅಂದರೆ ಎಲಿಮೆಂಟಿನ ಕಾಲಿನಲ್ಲಿ 230 ಬರುತ್ತಿದೆಯಾ ನೋಡಬೇಕು. ಬರುತ್ತಿದ್ದೂ ಬಿಸಿಯಿಲ್ಲದಿದ್ದರೆ ಎಲಿಮೆಂಟ್. ಬರದಿದ್ದರೆ ಬೋರ್ಡ್, ಕಟೌಟ್ ಅಥವಾ ನಡುವಿನ ವೈರು. ಬೋರ್ಡೇ ಎಂದಾದರೂ ಎಲ್ಲ ಬೋರ್ಡೂ ಎಸೆಯುವಂಥದ್ದಲ್ಲ. ರಿಲೇ ಕಾಲಿನ ಸುತ್ತ ಸೋಲ್ಡರ್ ಉಂಗುರದ ಹಾಗೆ ಬಿರುಕು ಬಿಡುವುದು ಸಾಮಾನ್ಯ. ಕೈಪಳಗಿದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅದನ್ನು ಸರಿಮಾಡುತ್ತಾರೆ. ರಿಲೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಬೋರ್ಡನ್ನು ಒಮ್ಮೆ ರಿಪೇರಿಗೆ ಕೊಡಿ, ಮೂರು ತಿಂಗಳ ಗ್ಯಾರಂಟಿ ಬರೆಸಿಕೊಂಡು. ಕಟೌಟ್, ಎಲಿಮೆಂಟ್, ಬಾಗಿಲ ಗಾಜು ಇವುಗಳಲ್ಲಿ ಮಾತ್ರ "ಹೊಂದುವಂಥದ್ದು" ಬೇಡ, ಪಾರ್ಟ್ ನಂಬರ್ ಹೊಂದಬೇಕು.

ಬಾಗಿಲು, ಗಾಜು, ಲೈಟು

ಗ್ಯಾಸ್ಕೆಟ್ (ಬಾಗಿಲ ಸಂದಿನಲ್ಲಿ ಬಿಸಿ ತಡೆಯುವ ಪಟ್ಟಿ) ಪರೀಕ್ಷೆಗೆ ಓವನ್ ತಣ್ಣಗಿರುವಾಗ ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಸರಾಗವಾಗಿ ಬಂದರೆ ಅಲ್ಲಿ ಬಿಸಿ ಸೋರುತ್ತದೆ. ಕೆಲವು ಮಾದರಿಗಳಲ್ಲಿ ಕೆಳಗಡೆ ಗ್ಯಾಸ್ಕೆಟ್ ಇರುವುದೇ ಇಲ್ಲ, ಅದು ದೋಷವಲ್ಲ. ಗ್ಯಾಸ್ಕೆಟ್ ಮೂಲೆಗಳಲ್ಲಿ ಕೊಕ್ಕೆಯಿಂದ ಕೂತಿರುತ್ತದೆ, ಮೆಕ್ಯಾನಿಕ್ ಬೇಕಾಗಿಲ್ಲ.

ಒಡೆದ ಗಾಜಿಗೆ ಊರಿನ ಗಾಜಿನ ಅಂಗಡಿಗೆ ಹೋಗಬೇಡಿ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ, ಮಾಮೂಲಿ ಗಾಜು ಹಾಕಿದರೆ ಬಿಸಿಗೆ ಸೀಳುತ್ತದೆ. ಒಳಗಿನ ಗಾಜನ್ನು ತೊಳೆದು ವಾಪಸ್ ಹಾಕುವಾಗ ಯಾವ ಮುಖ ಯಾವ ಕಡೆ ಎಂದು ನೋಡಿಕೊಳ್ಳಿ. ಬಿಸಿ ತಡೆಯುವ ಲೇಪನ ಒಂದೇ ಕಡೆ ಇರುತ್ತದೆ. ಬ್ಲೇಡಿನಿಂದ ಕೆರೆಯಬೇಡಿ.

ಲೈಟ್ ನೀವೇ ಹಾಕಬಹುದು. ಎಂಸಿಬಿ ಇಳಿಸಿ, ಗಾಜಿನ ಮುಚ್ಚಳ ತಿರುಗಿಸಿ, 300 ಡಿಗ್ರಿ ತಡೆಯುವ ಓವನ್ ಬಲ್ಬನ್ನೇ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಹ್ಯಾಲೊಜೆನ್ ಬಲ್ಬನ್ನು ಬಟ್ಟೆಯಲ್ಲಿ ಹಿಡಿಯಿರಿ.

ಬಿಲ್ಲು ಮತ್ತು ಬೇರೆ ಓವನ್ ತರುವ ಯೋಚನೆ

ಪಾರ್ಟಿನ ಬೆಲೆ, ಕೂಲಿ, 18% ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿರಲಿ. ಹಳೇ ಪಾರ್ಟನ್ನು ಕೇಳಿ ಇಟ್ಟುಕೊಳ್ಳಿ. ಪಾರ್ಟ್ ಮೇಲೆ ಎಷ್ಟು ತಿಂಗಳ ಗ್ಯಾರಂಟಿ, ಕೂಲಿ ಮೇಲೆ ಎಷ್ಟು ಎಂದು ಬರೆಸಿ. ಪಾರ್ಟು, ಮ್ಯಾನ್ಯುಯಲ್ಲು, ಅಧಿಕೃತ ಸರ್ವಿಸ್ ವಿವರಗಳಿಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರುಮಾಡಿದೆ. ಸರ್ವಿಸಿನವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಬಿಲ್ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ, ಅಲ್ವಾ? ಹಾಗಾಗಿ "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಎನ್ನುವ ಮಾತಿಗೆ ಒಪ್ಪುವ ಮುಂಚೆ ಯೋಚಿಸಿ.

ಎಲಿಮೆಂಟ್, ಸೆನ್ಸರ್, ಫ್ಯಾನ್, ಹಿಂಜು, ಗ್ಯಾಸ್ಕೆಟ್ ಹೋಗಿದ್ದರೆ ಓವನ್ ಎಷ್ಟು ಹಳೆಯದಾದರೂ ರಿಪೇರಿ ಮಾಡಿಸಿ. ಹತ್ತು ವರ್ಷ ದಾಟಿ, ಬೋರ್ಡ್ ಸತ್ತು, ಹೊಸ ಬೋರ್ಡ್ ಸಿಗುತ್ತಿಲ್ಲ, ಹಳೆಯದು ಒಮ್ಮೆ ರಿಪೇರಿಯಾಗಿ ಮತ್ತೆ ಹೋಗಿದೆ ಎಂದಾದರೆ ಬಿಟ್ಟುಬಿಡುವುದು ಸರಿ. ಹೊಸದು ತರುವ ಮುಂಚೆ ಗೂಡಿನ ಅಗಲ, ಎತ್ತರ, ಆಳ ಮೂರನ್ನೂ ಅಳೆದುಕೊಂಡು ಹೋಗಿ. ಎತ್ತರ ಸಾಮಾನ್ಯವಾಗಿ 60 ಸೆಂ.ಮೀ. ಆಸುಪಾಸು, ಕಾಂಪ್ಯಾಕ್ಟ್ ಆದರೆ 45. ಎರಡಕ್ಕೂ ಒಂದೇ ಕಪಾಟು ಆಗುವುದಿಲ್ಲ. ಕಪಾಟು ಬದಲಿಸುವ ಖರ್ಚನ್ನು ಹೊಸ ಓವನ್ನಿನ ಬೆಲೆಗೆ ಸೇರಿಸಿಯೇ ರಿಪೇರಿ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಅವರು ಹೋಗುವ ಮುಂಚೆ

ಓವನ್ ಗೂಡಿಗೆ ವಾಪಸ್ ಸೇರಿದ ಮೇಲೇ ಪರೀಕ್ಷೆ ಆಗಬೇಕು, ಕಂಬಳಿಯ ಮೇಲೆ ಅಲ್ಲ. ಗೂಡಿನೊಳಗೆ ಮಾತ್ರ ಬಿಸಿ ನಿಜವಾಗಿ ಸೇರಿಕೊಳ್ಳುವುದು. ಹೊಸ ಎಲಿಮೆಂಟ್ ಆದರೆ ಕಿಟಕಿ ತೆಗೆದು 200 ಡಿಗ್ರಿಗೆ ಅರ್ಧ ಗಂಟೆ ಖಾಲಿ ಓಡಿಸಿ. ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಹೆದರಬೇಡಿ.

ಆಮೇಲೆ 180ಕ್ಕೆ ಇಳಿಸಿ, ನಡುವಿನ ಕಂಬಿಯ ಮೇಲೆ ಓವನ್ ಥರ್ಮಾಮೀಟರ್ ಇಟ್ಟು, ಬಿಸಿಯ ಸಿಗ್ನಲ್ ಹಲವು ಸಲ ಆರಿ ಹತ್ತುವ ತನಕ ಬಾಗಿಲು ತೆಗೆಯದೆ ಗಾಜಿನ ಆಚೆಯಿಂದಲೇ ನೋಡಿ. ಹತ್ತು ಡಿಗ್ರಿ ಮೇಲೆ ಕೆಳಗೆ ಓಲಾಡುವುದು ಸಹಜ. ಒಂದೇ ಸಮ 150ರಲ್ಲೇ ನಿಂತರೆ ಕೆಲಸ ಮುಗಿದಿಲ್ಲ. ಕೆಲವರು ಗನ್ ಥರ್ಮಾಮೀಟರ್ ತೋರಿಸಿ "ನೋಡಿ ಸಾರ್, ಕರೆಕ್ಟಾಗಿದೆ" ಎನ್ನುತ್ತಾರೆ. ಆ ಗನ್ ಗಾಳಿಯ ಬಿಸಿ ಅಳೆಯುವುದಿಲ್ಲ, ಗುರಿ ಬಿದ್ದ ಗೋಡೆಯದನ್ನು ಹೇಳುತ್ತದೆ. ಹೊಳೆಯುವ ಲೋಹದ ಮೇಲೆ ಅದೂ ತಪ್ಪು.

ಬಿಸಿ ಸಮನಾಗಿ ಹರಡಿದೆಯಾ ಎಂದು ತಿಳಿಯಲು ತಟ್ಟೆ ತುಂಬ ಬ್ರೆಡ್ ಸ್ಲೈಸ್ ಹರಡಿ ಕೆಲವು ನಿಮಿಷ ಇಡಿ. ಯಾವ ಮೂಲೆ ಕಪ್ಪು, ಯಾವುದು ಬಿಳಿ ಎಂದು ಕಣ್ಣಿಗೇ ಕಾಣುತ್ತದೆ. ಹಿಂದಿನ ಸಾಲು ಸ್ವಲ್ಪ ಹೆಚ್ಚು ಕೆಂಪಗಾಗುವುದು ಇರುವುದೇ. ಒಂದೇ ಪಕ್ಕ ಪೂರ್ತಿ ಬಿಳಿಯಾಗಿ ಉಳಿದರೆ ಅವರನ್ನು ಇನ್ನೂ ಕಳಿಸಬೇಡಿ. ನಂಕಟಾಯಿ ಹಿಟ್ಟು ಕಲಸಿಟ್ಟಿದ್ದರೆ ಅದನ್ನೇ ಇಡಿ, ಬಂದವರಿಗೂ ಕಾಫಿ ಜೊತೆಗೆ ಆಗುತ್ತದೆ.

ಓವನ್ನಿನ ನೆಲಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಬೇಡಿ, ಎನಾಮಲ್ ಹಾಳಾಗಿ ಕೆಳಗಿನ ಎಲಿಮೆಂಟ್ ಮಿತಿಮೀರಿ ಕಾಯುತ್ತದೆ. ಸ್ಟೀಮ್ ಓವನ್ನಿಗೆ ಬೋರ್ ನೀರು ಹಾಕಬೇಡಿ, ಬಿಳಿ ಸುಣ್ಣ ಕಟ್ಟುತ್ತದೆ. ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳುವ ಪೈರೋಲಿಟಿಕ್ ಓವನ್ ಇದ್ದವರು ಆ ಕ್ಲೀನಿಂಗನ್ನು ದಸರೆಗೋ ಕ್ರಿಸ್‌ಮಸ್ಸಿಗೋ ಹಿಂದಿನ ದಿನ ಹಾಕಬೇಡಿ. ಅದು 480-500 ಡಿಗ್ರಿಯವರೆಗೆ ಕಾಯುತ್ತದೆ. ಸೊರಗಿದ ಕಟೌಟ್, ಬಳಲಿದ ಫ್ಯಾನ್ ಇದ್ದರೆ ಕೈಕೊಡುವುದು ಆ ಹೊತ್ತಿನಲ್ಲೇ. ಹಬ್ಬಕ್ಕೆ ಎರಡು-ಮೂರು ವಾರ ಮೊದಲೇ ಹಾಕಿದರೆ ಪಾರ್ಟ್ ಬೆಂಗಳೂರಿನಿಂದ ಬರಲು ಪುರುಸೊತ್ತು ಇರುತ್ತದೆ.